ಬೊಗಳದ ಹಸ್ಕಿ

ವಾಟರ್‌ಫರ್ಡ್‌ನಲ್ಲಿ ನಮ್ಮ ಪಕ್ಕದ ಮನೆಯ ಹಸ್ಕಿ ನಾಯಿ ಬೊಗಳುತ್ತಿರಲಿಲ್ಲ, ಊಳಿಡುತ್ತಿತ್ತು. ನಾಯಿ ಊಳಿಟ್ಟರೆ ಯಾರದೋ ಸಾವು ಹತ್ತಿರವಾಯಿತು ಎಂದು ಕೇಳಿಕೊಂಡೇ ಬೆಳೆದವನು ನಾನು. ಶಕುನ ನಂಬುವುದಿಲ್ಲ, ನಿಜ. ಆದರೆ ಕೋವಿಡ್ ಬಂದ ಹೆಂಡತಿ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಮ್ಮುತ್ತಿರುವಾಗ ನಂಬದವನ ಎದೆಯೂ ಝಲ್ಲೆನ್ನುತ್ತದೆ.

ಮೈಸೂರಿನ ಅತ್ತೆಗೆ ವಿಷಯ ತಿಳಿಸಿರಲಿಲ್ಲ. ವಿಮಾನಗಳೇ ನಿಂತಿದ್ದವು; ಹೇಳಿ ಏನು ಪ್ರಯೋಜನ? ಮಗಳು ಮೀಟಿಂಗ್‌ನಲ್ಲಿದ್ದಾಳೆ ಎಂದು ದಿನವೂ ಸುಳ್ಳು ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅವರು ಫೋನಿನಲ್ಲಿರುವಾಗಲೇ ನಾಯಿ ಶುರು ಮಾಡಿತು.

“ಅದ್ಯಾವ ನಾಯಿ ಹಾಗೆ ಊಳಿಡ್ತಿರೋದು? ಮೊದ್ಲು ಓಡಿಸಿ ಅದನ್ನ. ಇಬ್ರೂ ಚೆನ್ನಾಗಿದೀರ ತಾನೆ?”

“ಚೆನ್ನಾಗಿದೀವಿ ಅತ್ತೆ.”

ಫೋನಿಟ್ಟವನೇ ಬೇಲಿಯ ಹತ್ತಿರ ಹೋದೆ. ಒಂದು ಕಣ್ಣು ನೀಲಿ, ಒಂದು ಕಂದು, ಎರಡು ಪದರದ ದಟ್ಟ ಕೂದಲು, ತೋಳದ ಮುಖ. ನೋಡಿದರೇ ಭಯವಾಗಬೇಕು. ಸೈಬೀರಿಯಾದ ತುದಿಯಲ್ಲಿ ಚುಕ್ಚಿ ಜನ ಹಿಮದ ಮೇಲೆ ಬಂಡಿ ಎಳೆಯಲು ಬೆಳೆಸಿದ ತಳಿ ಎಂದು ಪಕ್ಕದ ಮನೆಯ ಮುದುಕ ದೂರ ನಿಂತೇ ವಿವರಿಸಿದ.

“ಇವಳಾ? ಗ್ರ್ಯಾಂಡ್ ಆಗಿದಾಳೆ, ಏನೂ ತೊಂದ್ರೆ ಇಲ್ಲ. ಕಳ್ಳ ಬಂದ್ರೂ ಬಾಲ ಅಲ್ಲಾಡಿಸ್ತಾಳೆ. ಆಂಬ್ಯುಲೆನ್ಸ್ ಸೈರನ್ ಕೇಳಿದ್ರೆ ಮಾತ್ರ ಹೀಗೆ. ತನ್ನ ಗುಂಪಿನವರು ಕೂಗ್ತಿದಾರೆ ಅಂದ್ಕೋತಾಳೆ, ಅಷ್ಟೇ.”

ನನ್ನ ಭಯ ಹೋಗಲೆಂದು ಆಡಿದ ಮಾತು ಅದು. ಆದರೆ ಆಸ್ಪತ್ರೆಯ ರಸ್ತೆ ನಮ್ಮ ಮನೆಯ ಹಿಂದೆಯೇ ಇತ್ತು. ಹಾಗಾದರೆ ಆ ನಾಯಿ ಊಳಿಟ್ಟಾಗಲೆಲ್ಲ ನಿಜವಾಗಿಯೂ ಯಾರೋ ಉಸಿರಿಗಾಗಿ ಒದ್ದಾಡುತ್ತಿದ್ದಾರೆ! ಅಂದಿನಿಂದ ಅದು ದನಿ ತೆಗೆದರೆ ಸಾಕು, ಮೆಟ್ಟಿಲು ಹತ್ತಿ ಓಡುತ್ತಿದ್ದೆ, ಬಾಗಿಲು ತಟ್ಟುತ್ತಿದ್ದೆ.

“ಇದೀನಿ, ಇನ್ನೂ ಹೋಗಿಲ್ಲ,” ಎನ್ನುತ್ತಿದ್ದಳು ಒಳಗಿನಿಂದ. “ಒಲೆ ಮೇಲಿಟ್ಟಿದ್ದು ಸೀದೀತು, ಹೋಗು.”

ಒಂದು ಬೆಳಗ್ಗೆ ಆ ಮಾತನ್ನು ಅವಳಿಗೆ ಪೂರ್ತಿ ಆಡಲಾಗಲಿಲ್ಲ. ನಡುನಡುವೆ ಉಸಿರು ಕಟ್ಟುತ್ತಿತ್ತು. ಫೋನ್ ಮಾಡಿದೆ. ಆಂಬ್ಯುಲೆನ್ಸ್ ಸೈರನ್ ನಿಲ್ಲಿಸಿಕೊಂಡೇ ನಮ್ಮ ಬೀದಿಗೆ ತಿರುಗಿತು. ಮೈತುಂಬ ಮುಚ್ಚಿಕೊಂಡಿದ್ದ ಇಬ್ಬರು ಇಳಿದರು. ಹಸ್ಕಿ ಬೇಲಿಗೆ ಮುಂಗಾಲು ಕೊಟ್ಟು ನಿಂತು, ನೆಂಟರು ಬಂದರೆಂಬಂತೆ ಬಾಲ ಅಲ್ಲಾಡಿಸಿತು. ಒಂದು ಸಣ್ಣ ಸದ್ದನ್ನೂ ಮಾಡಲಿಲ್ಲ. ನಾನು ಜೊತೆಗೆ ಹೋಗುವಂತಿರಲಿಲ್ಲ. ಗಾಡಿಯ ಬಾಗಿಲು ಮುಚ್ಚಿತು.

ಮಧ್ಯಾಹ್ನ ಅತ್ತೆಯ ಫೋನ್ ಬಂತು.

“ಇವತ್ತು ಆ ನಾಯಿ ಕೂಗ್ತಿಲ್ಲ ಅಲ್ವಾ? ಸದ್ಯ. ಈಗ ಜೀವ ಬಂತು ನೋಡಿ ನಂಗೆ.”

“ಅತ್ತೆ,” ಎಂದೆ, “ಸ್ವಲ್ಪ ಕೂತ್ಕೊಳ್ಳಿ.”