ಒದೆಯದ ಪಿಸ್ತೂಲು

ಮಾಳಮಡ್ಡಿಯಂಥ ಓಣಿಯಲ್ಲಿ ಹೆಣ್ಣುಮಗಳೊಬ್ಬಳ ಕಪಾಟಿನಲ್ಲಿ ರೇಷ್ಮೆ ಸೀರೆಯ ಪಕ್ಕ ಪಿಸ್ತೂಲು ಇದ್ದರೆ ಜನ ಏನೇನು ಆಡಿಕೊಳ್ಳಬಹುದೋ ಅದನ್ನೆಲ್ಲ ನನ್ನ ಅಕ್ಕನ ಬಗ್ಗೆ ಆಡಿಕೊಂಡಿದ್ದರು. ಅಕ್ಕ ಸಾಲೆಯಲ್ಲಿ ಆಟದ ಟೀಚರ್. ಗುರಿ ಹೊಡೆಯುವುದು ಅವಳ ಹುಚ್ಚು. ರವಿವಾರ ನಾನು ಉಪ್ಪಿಟ್ಟು ತಿಂದು ಅಡ್ಡಾಗುವ ಹೊತ್ತಿಗೆ ಅವಳು ಶೂಟಿಂಗ್ ರೇಂಜಿಗೆ ಹೊರಟಿರುತ್ತಿದ್ದಳು.

‘ಕಾಗದಕ್ಕ ತೂತು ಮಾಡಾಕ ಸೂಜಿ ಸಾಲೂದಿಲ್ಲೇನ?’ ಎಂದು ಕಾಡಿಸುತ್ತಿದ್ದೆ. ತಂಗಿಯಾದವಳಿಗೆ ಅಷ್ಟೂ ಹಕ್ಕಿಲ್ಲವೆಂದರೆ ಹೇಗೆ?

ಕ್ಯಾನ್ಸರ್ ಬಂತು. ಔಷಧಗಳು ಅವಳ ಬೆರಳಿನ ಕಸುವನ್ನೆಲ್ಲ ತಿಂದವು. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತಕ್ಕೆ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಆದರೂ ಹೋಗುತ್ತಿದ್ದಳು. ‘ದವಾಖಾನ್ಯಾಗ ನಾ ಪೇಶಂಟ್. ರೇಂಜಿನ್ಯಾಗ ನಿಂತಾಗಷ್ಟ ನಾನು ನಾನಿರ್ತೇನಿ,’ ಎಂದಳು ಒಮ್ಮೆ.

ಅವಳ ಗಂಡ, ನಮ್ಮ ಮಾಮಾ, ಅರಳೆ ವ್ಯಾಪಾರಿ. ಅರಳೆಯ ಮೂಟೆ ಎತ್ತಿ ಬಲಿತ ಕೈ, ಬೆಣ್ಣೆಯಂಥ ಮನಸ್ಸು. ಅವಳ ನೋವು ನೋಡಲಾರದೆ, ದಸರೆಯ ಖಂಡೇಪೂಜೆಯ ಮುನ್ನಾದಿನ ಅವಳಿಗೆ ಹೇಳದೆ ಪಿಸ್ತೂಲನ್ನು ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಒಯ್ದರು. ಲೈಸೆನ್ಸ್ ಇಬ್ಬರ ಹೆಸರಲ್ಲೂ ಇತ್ತು. ಒಳಗಿನ ಸ್ಪ್ರಿಂಗ್ ತೆಗೆಸಿ ಬಿಗಿಯಾದದ್ದನ್ನು ಹಾಕಿಸಿದರು. ಸ್ಪ್ರಿಂಗನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಸಲಾಕೆಯ ಬದಲು ಉಕ್ಕಿನದನ್ನು ಕೂಡಿಸಿದರು. ಮರುದಿನ ಪೂಜೆಯ ಮಣೆಯ ಮೇಲೆ ಪಿಸ್ತೂಲು ಇಟ್ಟು, ‘ಇನ್ನ ಇದು ನಿನಗ ಒದಿಯೂದಿಲ್ಲ,’ ಎಂದರು.

ಅಕ್ಕ ಅದಕ್ಕೆ ವಿಭೂತಿ ಹಚ್ಚಿದಳು, ಚೆಂಡುಹೂವು ಏರಿಸಿದಳು. ಪೂಜೆಗಿಟ್ಟ ಆಯುಧವನ್ನು ಮರುದಿನದ ತನಕ ಮುಟ್ಟುವಂತಿಲ್ಲ. ಹಾಗಾಗಿ ನಮಗೆ ಒಂದಿಡೀ ದಿನದ ಸುಖ ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ಅವಳು ಕೇಳಿ ಹೋಳಿಗೆ ಹಾಕಿಸಿಕೊಂಡಳು.

ದಶಮಿಯ ಬೆಳಿಗ್ಗೆ ಮೂವರೂ ರೇಂಜಿಗೆ ಹೋದೆವು. ಗುಂಡು ಒಳಗೆ ಕೂಡಬೇಕಾದರೆ ಮೊದಲು ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಅಕ್ಕ ಎಳೆದಳು. ಅರ್ಧಕ್ಕೆ ಬಂದು ನಿಂತಿತು. ಅಂಗೈ ಒರೆಸಿಕೊಂಡು ಮತ್ತೆ ಎಳೆದಳು. ಒದೆತವನ್ನು ತಡೆಯುವ ಬಿಗಿ ಸ್ಪ್ರಿಂಗ್ ಎಳೆಯುವ ಕೈಯನ್ನೂ ತಡೆಯುತ್ತದೆ. ಅಂಗಡಿಯಲ್ಲಿ ಎಳೆದು ನೋಡಿದ್ದು ಮಾಮಾನ ಕೈ.

‘ತಾ ಇಲ್ಲೆ, ನಾ ಎಳದು ಕೊಡ್ತೇನಿ,’ ಎಂದರು ಮಾಮಾ.

‘ಬ್ಯಾಡ್ರಿ. ಉಣಸಾವ್ರು ನೀವು, ಸೀರಿ ಉಡಸಾವ್ರು ನೀವು. ಇದೊಂದು ನಂದಿತ್ತು.’

‘ಹಳೇ ಸ್ಪ್ರಿಂಗ ಹಾಕಸ್ತೇನಿ, ನಾಳೆನ.’

‘ಅದು ಒದ್ರ ತಡಕೊಳ್ಳೂ ಕೈ ಎಲ್ಲೈತ್ರಿ ಇನ್ನ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ನನಗೆ ಬಂದಿತ್ತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಸಂಜೆ ಬನ್ನಿ ಕೊಡುವಾಗ ಅಕ್ಕ ಎಲೆಗಳನ್ನು ಮಾಮಾನ ಅಂಗೈಯಲ್ಲಿಟ್ಟು, ‘ಬಂಗಾರಧಂಗ ಇರೂಣ್ರಿ,’ ಎಂದಳು. ತಿರುಗಿ ಅದೇ ಮಾತು ಹೇಳಬೇಕಾದ ಮಾಮಾ ಎಲೆಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಮುಂದಿನ ದಸರೆಗೆ ಅಕ್ಕ ಇರಲಿಲ್ಲ. ಪಿಸ್ತೂಲು ಮನೆಯಲ್ಲಿ ಬೇಡವೆಂದು ಮಾಮಾ ಅದೇ ಅಂಗಡಿಗೆ ಮಾರಲು ಹೊರಟಾಗ ನಾನೂ ಜೊತೆಗೆ ಹೋದೆ. ಅಂಗಡಿಯವರಿಗೆ ಅಕ್ಕ ತೀರಿಕೊಂಡ ಸುದ್ದಿ ಗೊತ್ತಿರಲಿಲ್ಲ. ಪಿಸ್ತೂಲು ಖಾಲಿ ಇದೆಯೇ ಎಂದು ನೋಡಲು ಅದನ್ನು ಸರಕ್ಕನೆ ಎಳೆದರು, ನೀರು ಕುಡಿದಷ್ಟು ಸುಲಭವಾಗಿ.

‘ಸ್ಪ್ರಿಂಗ ಛಲೋ ಕುಂತೈತ್ರಿ. ಅಕ್ಕಾರಿಗೆ ಒದೆತ ಕಡಿಮಿ ಆತೇನ್ರಿ?’

ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಆದರೆ ಮಾಮಾನೇ ಮೊದಲು ಮಾತಾಡಿದರು.

‘ಆತ್ರಿ,’ ಎಂದರು. ‘ಆಮ್ಯಾಲೆ ಒಮ್ಮೆನೂ ಒದೀಲಿಲ್ಲ.’

ಅಂಗಡಿಯವರು ತಮ್ಮ ಕೆಲಸಕ್ಕೆ ತಾವೇ ಖುಷಿಪಟ್ಟು ನಮಗೆ ಚಹಾ ತರಿಸಿದರು. ನಾವು ಕುಡಿದು ಬಂದೆವು.