ಬಳೆಗಾರನ ನೆರಳಿಗೆ ಕೊಂಬು

ನನ್ನ ತಂಗಿಯ ಗಂಡನ ಹಣೆ ಒಡೆದದ್ದು ಮಕ್ಕಳ ಕತೆಯ ಪುಸ್ತಕದಿಂದ. ಒಡೆದವಳು ನಾನು. ಕೈ ಜಾರಿತು, ಗಾಬರಿಯಲ್ಲಿ ಬೀಸಿಬಿಟ್ಟೆ ಎಂದೆಲ್ಲ ಹೇಳುವ ಆಸೆ ನನಗಿಲ್ಲ. ಎರಡೂ ಕೈಯಲ್ಲಿ ಹಿಡಿದು, ಗುರಿ ನೋಡಿಯೇ ಬಾರಿಸಿದೆ. ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ವಿಮಾ ಆಫೀಸಿನಲ್ಲಿ ಇಷ್ಟು ವರ್ಷ ದುಡಿದರೂ ಅದು ಅಲ್ಲಿಂದ ಕೆಳಗಿಳಿದಿಲ್ಲ.

ಆ ಪುಸ್ತಕದ ವಿಷಯ ಮೊದಲು ಹೇಳಬೇಕು. ಅದನ್ನು ಕಟ್ಟಿಸಿದವರು ನಮ್ಮಪ್ಪ. ರೈಲ್ವೆಯಲ್ಲಿದ್ದವರು, ಚೆನ್ನೈಯ ಮೈಲಾಪೂರಿನ ಈ ಹಳೆಯ ಫ್ಲ್ಯಾಟಿನಲ್ಲೇ ನಮ್ಮಿಬ್ಬರನ್ನು ಬೆಳೆಸಿದವರು. ನಾವು ಚಿಕ್ಕವರಿದ್ದಾಗ ನಮಗೆ ಗೊತ್ತಿದ್ದ ಮನೆಗಳಲ್ಲೆಲ್ಲ ಒಂದು ರೂಢಿಯಿತ್ತು. ಮಕ್ಕಳ ಮಾಸಪತ್ರಿಕೆಯಲ್ಲಿ ಬರುವ ಚಿತ್ರದ ಧಾರಾವಾಹಿಯನ್ನು ತಿಂಗಳು ತಿಂಗಳೂ ಪಿನ್ನು ಬಿಚ್ಚಿ ತೆಗೆದಿಡುವುದು, ಕತೆ ಮುಗಿದ ಮೇಲೆ ಬೈಂಡ್ ಮಾಡಿಸುವುದು. ನಾವು ಓದುತ್ತಿದ್ದ ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು, ತಮಿಳಿನಲ್ಲೂ ಬರುತ್ತಿತ್ತು. ಕತೆ ಅದೇ, ಚಿತ್ರಗಳೂ ಅವೇ, ಅಕ್ಷರ ಮಾತ್ರ ಬೇರೆ. ಕನ್ನಡದ ಸಂಚಿಕೆ ಅಂಗಡಿಗೆ ಬಾರದ ತಿಂಗಳು ನಾನು ಅತ್ತು ಕರೆದು ರಂಪ ಮಾಡುತ್ತಿದ್ದೆ. ಅಪ್ಪ ತಮಿಳಿನದನ್ನೇ ತಂದು ಬಾಯಿ ಮುಚ್ಚಿಸುತ್ತಿದ್ದರು. ಕೊನೆಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ, ದಪ್ಪ ರಟ್ಟು ಹಾಕಿಸಿ, ಟ್ಯಾನರಿಯಲ್ಲಿದ್ದ ಗೆಳೆಯರೊಬ್ಬರು ಕೊಟ್ಟ ಚರ್ಮವನ್ನು ಬೆನ್ನಿಗೂ ನಾಲ್ಕು ಮೂಲೆಗೂ ಹೊಲಿಸಿದರು. ಹೀಗಾಗಿ ನಮ್ಮ ಕತೆ ಕನ್ನಡದಲ್ಲಿ ಶುರುವಾಗಿ, ನಡುವೆ ತಮಿಳಿಗೆ ತಿರುಗಿ, ಮತ್ತೆ ಕನ್ನಡಕ್ಕೆ ಬರುತ್ತದೆ. ಹೊಸಬರು ತೆರೆದು ನೋಡಿದರೆ ಬೈಂಡರ್ ಕುಡಿದಿದ್ದ ಅಂದುಕೊಳ್ಳುತ್ತಾರೆ.

ಕತೆಯೋ, ಬರೀ ರಕ್ತ. ರಾಕ್ಷಸನೊಬ್ಬ ರಾಜಕುಮಾರಿಯನ್ನು ಹೊತ್ತೊಯ್ಯುತ್ತಾನೆ. ಅವಳು ತಪ್ಪಿಸಿಕೊಂಡು ಕಾಡಿನಲ್ಲಿ ಸೌದೆ ಕಡಿಯುವ ಮುದುಕಿಯ ಗುಡಿಸಲು ಸೇರುತ್ತಾಳೆ. ನಾನು ಬರುವವರೆಗೆ ಯಾರಿಗೂ ಬಾಗಿಲು ತೆಗೆಯಬೇಡ ಎಂದು ಹೇಳಿ ಮುದುಕಿ ಕಾಡಿಗೆ ಹೋಗುತ್ತಾಳೆ. ರಾಕ್ಷಸ ಬಳೆಗಾರನ ವೇಷದಲ್ಲಿ ಬರುತ್ತಾನೆ. ಹಣೆಯಲ್ಲಿ ನಾಮ, ಹೆಗಲ ಮೇಲೆ ಬಳೆಯ ಮಲಾರ, ಕರಗಿಹೋಗುವಂಥ ಮುಖ. ಆದರೆ ಚಿತ್ರಕಾರ ಒಂದು ಉಪಾಯ ಮಾಡಿದ್ದ. ಗೋಡೆಯ ಮೇಲೆ ಬಿದ್ದ ಬಳೆಗಾರನ ನೆರಳಿಗೆ ಎರಡು ಕೊಂಬು ಬರೆದಿದ್ದ. ಓದುವವರಿಗೆ ಅದು ಕಾಣುತ್ತದೆ, ಒಳಗಿರುವ ರಾಜಕುಮಾರಿಗೆ ಕಾಣುವುದಿಲ್ಲ. ಅವಳು ಕೈ ಚಾಚುತ್ತಾಳೆ, ಅವನು ಮಣಿಕಟ್ಟು ಹಿಡಿಯುತ್ತಾನೆ, ಬಳೆ ಚೂರಾಗುತ್ತದೆ. ಅಷ್ಟರಲ್ಲಿ ಮುದುಕಿ ಬಂದು ಕೊಡಲಿಯಿಂದ ಅವನ ತೋಳನ್ನೇ ಕಡಿದು ಹಾಕುತ್ತಾಳೆ. ಆಗಿನ ಅಚ್ಚಿನಲ್ಲಿ ಬಣ್ಣ ಗೆರೆ ತಪ್ಪುತ್ತಿತ್ತು. ತೋಳಿನ ರಕ್ತ ತೋಳಿನಿಂದ ಒಂದು ಬೆರಳು ಆಚೆ ಸುರಿಯುತ್ತಿತ್ತು.

ಐವತ್ತು ದಾಟಿದ ಮೇಲೂ ನಾನು ಇದನ್ನು ಓದುತ್ತೇನೆ. ಆಫೀಸಿನಲ್ಲಿ ಯಾರ ಮೇಲಾದರೂ ಉರಿ ಹತ್ತಿದ ದಿನ ಮನೆಗೆ ಬಂದು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ತೋಳು ಕಡಿಯುವ ಪುಟ ತೆಗೆಯುತ್ತೇನೆ. ಹೊಟ್ಟೆ ತಣ್ಣಗಾಗುತ್ತದೆ. ದೊಡ್ಡವರ ಕಾದಂಬರಿಗಳಲ್ಲಿ ಹೊಡೆಯುವವನಿಗೂ ಒಂದು ಕಷ್ಟದ ಬಾಲ್ಯ ಇಟ್ಟಿರುತ್ತಾರೆ, ಅವನಿಗಾಗಿಯೂ ನಾವು ಮರುಗಬೇಕು. ಈ ಪುಸ್ತಕದಲ್ಲಿ ಆ ಬಲವಂತವಿಲ್ಲ. ಯಾರು ಹೊಡೆದರು, ಎಲ್ಲಿಗೆ ಏಟು ಬಿತ್ತು, ಎಷ್ಟು ರಕ್ತ ಬಂತು ಎಲ್ಲವೂ ಬಣ್ಣದಲ್ಲಿ ಕಾಣುತ್ತದೆ. ನನ್ನ ತಂಗಿಗೆ ಮಾತ್ರ ಚಿಕ್ಕಂದಿನಿಂದಲೂ ಇದನ್ನು ಕಂಡರೆ ಆಗದು. ಆ ಪುಟ ಬಂದರೆ ಲಂಗದಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ಬೇಸಿಗೆ ರಜೆ ಶುರುವಾಗುತ್ತಲೇ ಅವಳು ಕ್ರೋಂಪೇಟೆಯ ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ಬಂದಳು. ಒಂದು ಬ್ಯಾಗು, ಊದಿದ ತುಟಿ. ಬಾತ್‌ರೂಮಿನಲ್ಲಿ ಜಾರಿದೆ ಎಂದಳು. ಆ ಬಾತ್‌ರೂಮು ಮದುವೆಯಾದಾಗಿನಿಂದ ಅವಳನ್ನು ಬೀಳಿಸುತ್ತಲೇ ಇತ್ತು. ಈ ಸಲ ನಾನು ಬಿಡಲಿಲ್ಲ. ಅವಳ ಉದ್ದ ತೋಳಿನ ರವಿಕೆಯನ್ನು ಭುಜದಿಂದ ಕೆಳಕ್ಕೆ ಎಳೆದೆ. ಮೊಣಕೈಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಚರ್ಮ ಸುಟ್ಟು ಕಪ್ಪಾಗಿತ್ತು. ಗಂಡನ ಷರ್ಟಿನ ಕಾಲರಿನಲ್ಲಿ ಸುಕ್ಕು ಉಳಿದಿತ್ತಂತೆ, ಅದಕ್ಕೆ. ಅದಕ್ಕೂ ಮುಂಚೆ ಒಂದು ಸಲ ಫ್ರಿಜ್ಜಿನ ಬಾಗಿಲಿಗೆ ತಲೆ ಗುದ್ದಿದ್ದನಂತೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಬ್ಯಾಂಕಿನಲ್ಲಿ ಆಫೀಸರ್ ಅವನು, ಬೀದಿಯವರಿಗೆಲ್ಲ ದೇವರಂಥವನು. ಅವನು ಆಗ ಎದುರಿಗಿದ್ದಿದ್ದರೆ ಕೊಂದೇಬಿಡುತ್ತಿದ್ದೆ.

"ಇನ್ನು ಆ ಮನೆಗೆ ಕಾಲಿಡಬೇಡ," ಎಂದೆ.

"ಹಾಗಲ್ಲಕ್ಕಾ. ಸ್ಕೂಲ್ ತೆಗೆಯೋಷ್ಟರಲ್ಲಿ ಹೋಗ್ಬೇಕು. ನನ್ ಮೇಲೆ ಕೈ ಮಾಡ್ತಾರೆ, ನಿಜ. ಆದ್ರೆ ಮಗೂನ ಒಂದ್ ದಿನಾನೂ ಮುಟ್ಟಿಲ್ಲ. ಅವಳಿಗೆ ಅಪ್ಪ ಬೇಡ್ವಾ?"

ಎಷ್ಟು ಬೈದರೂ, ಎಷ್ಟು ಬೇಡಿಕೊಂಡರೂ ಅವಳದು ಅದೊಂದೇ ಮಾತು. ಮಗುವನ್ನು ಮುಟ್ಟಿಲ್ಲ. ರಜೆ ಕರಗುತ್ತಿತ್ತು, ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಮತ್ತೆ ಅಲ್ಲಿಗೆ ಹೋದರೆ ಇವಳು ಹೆಣವಾಗಿ ಬರುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಮಗು ನಾಲ್ಕನೇ ಕ್ಲಾಸು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಈ ಸಲ ಆ ತಮಿಳೂ ಇಲ್ಲ, ಬರೀ ತಲೆಯಾಡಿಸುವುದು. ಚೆನ್ನೈಯವರು ಕತ್ತರಿ ಎನ್ನುವ ಮೇ ತಿಂಗಳ ಉರಿಬಿಸಿಲಿನಲ್ಲಿ ಉದ್ದ ತೋಳಿನ ಟೀ ಷರ್ಟ್ ಹಾಕಿಕೊಂಡು ಬೆವರುತ್ತ ಕೂತಿರುತ್ತಿದ್ದಳು. "ಏನಮ್ಮಾ, ಊಟಿಗೆ ಬಂದಿದ್ದೀಯಾ?" ಎಂದು ಛೇಡಿಸಿದರೆ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದಳು. ಅಮ್ಮನನ್ನು ನೋಡಿ ಹಾಗೆ ಮಾಡುತ್ತಾಳೆ ಅಂದುಕೊಂಡೆ.

ಏನಾದರೂ ಮಾಡಬೇಕಲ್ಲ ಎಂದು ಪುಸ್ತಕ ಇಳಿಸಿದೆ. ಕನ್ನಡದ ಪುಟಗಳನ್ನು ನಾನು ಓದಿದೆ. ತಮಿಳು ಶುರುವಾಗುವ ಕಡೆ, ರಾಜಕುಮಾರಿ ಗುಡಿಸಲಿನ ಅಗುಳಿ ಹಾಕಿಕೊಳ್ಳುವಲ್ಲಿ, ನಿಲ್ಲಿಸಿ ಪುಸ್ತಕವನ್ನು ಅವಳ ತೊಡೆಯ ಮೇಲೆ ತಳ್ಳಿದೆ.

"ಇನ್ಮೇಲೆ ನಿಂದು. ನನಗೆ ಗಂಟಲು ಒಣಗಿದೆ."

ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಬೆರಳಿಟ್ಟು, ಸಣ್ಣ ದನಿಯಲ್ಲಿ, ಅಕ್ಷರ ಅಕ್ಷರವಾಗಿ ಓದತೊಡಗಿದಳು. ನಾನು ನೀರಿನ ಲೋಟ ಹಿಡಿದು ಗೋಡೆ ಕಡೆ ತಿರುಗಿ ಕೂತೆ; ಅಳು ಬಂದಿತ್ತು. ಬಳೆಗಾರನ ಚಿತ್ರ ಬಂದಾಗ ಅವಳ ಬೆರಳು ನೆರಳಿನ ಮೇಲೆ ನಿಂತಿತು.

"ದೊಡ್ಡಮ್ಮಾ, ಕೊಂಬು ಇರುಕ್ಕು!" ಎಂದಳು. ಕೊಂಬಿದೆ ಎಂದು. ಆಮೇಲೆ ರಾಜಕುಮಾರಿಗೆ ತಮಿಳಿನಲ್ಲಿ ಬೈಯಲು ಶುರು ಮಾಡಿದಳು. ಲೂಸು, ಹುಚ್ಚಿ, ತೆಗೆಯಬೇಡ ಎಂದರೆ ಯಾಕೆ ತೆಗೆಯುತ್ತೀಯಾ! ಅಷ್ಟು ಕೋಪ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ.

ತಂಗಿ ಅಡುಗೆಮನೆಯಿಂದ ಓಡಿಬಂದಳು. "ಅಕ್ಕಾ, ಕೈ ಕಡಿಯೋದು ಕಾಲು ಕಡಿಯೋದೆಲ್ಲ ಅವಳಿಗ್ಯಾಕೆ? ಹೆದರ್ಕೋತಾಳೆ."

"ಹೆದರೋದಕ್ಕೆ ಅವಳಿಗೆ ಪುಸ್ತಕ ಬೇಕೇನೇ?" ಎಂದೆ. ಅವಳು ಸೌಟು ಹಿಡಿದು ಅಲ್ಲೇ ನಿಂತಳು.

ಅಂದಿನಿಂದ ಅದೇ ಕೆಲಸ. ದಿನವೂ ಅದೇ ಪುಟಗಳು, ಮಗು ಅದೇ ಬೈಗುಳ ಬೈಯುವುದು, ಕೊಡಲಿ ಏಟಿಗೆ ಇಬ್ಬರೂ ಚಪ್ಪಾಳೆ ತಟ್ಟುವುದು. ತಂಗಿ ಮೊದಮೊದಲು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಆಮೇಲೆ ಹುರುಳಿಕಾಯಿ ನಾರು ತೆಗೆಯುವ ನೆಪ ಮಾಡಿಕೊಂಡು ಹತ್ತಿರವೇ ಕೂರತೊಡಗಿದಳು. ಒಂದು ದಿನ, "ಆ ಮುದುಕಿ ಇಷ್ಟೊತ್ತಾದ್ರೂ ಎಲ್ಲಿ ಹೋದ್ಲಕ್ಕಾ?" ಎಂದು ಸಿಡುಕಿದಳು. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ತುಟಿಯ ಗಾಯ ಬಿರಿದು ರಕ್ತ ಜಿನುಗಿತು.

ಅವನು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನೂ ಮಗುವೂ ನೆಲದ ಮೇಲೆ ಕೂತು ಓದುತ್ತಿದ್ದೆವು. ಬೆಲ್ಲಾಯಿತು. ತಂಗಿ ಬಾಗಿಲಿನ ಸಣ್ಣ ಗಾಜಿನಲ್ಲಿ ಕಣ್ಣಿಟ್ಟು ನೋಡಿ, ಸೆರಗು ಸರಿಮಾಡಿಕೊಂಡಳು.

"ನಾನು ಕಣೇ," ಎಂದಿತು ಹೊರಗಿನ ದನಿ, ಬೆಣ್ಣೆಯಂಥ ದನಿ. "ಕೋಪ ಇಳೀತಾ? ನಿಂಗೆ ಮಲ್ಲಿಗೆ ತಂದಿದ್ದೀನಿ, ಮಗೂಗೆ ಮೈಸೂರ್ ಪಾಕು. ಆಟೋ ಕಾಯ್ತಾ ಇದೆ, ಬಾ. ಅಕ್ಕಾವ್ರೂ ಚೆನ್ನಾಗಿದ್ದಾರಾ?"

ನಾನು ಏಳುವಷ್ಟರಲ್ಲಿ ತಂಗಿಯ ಕೈ ಚಿಲಕದ ಮೇಲಿತ್ತು. ಅಮ್ಮನ ಆ ಕೈಯನ್ನು ನೋಡಿ ಮಗು ಕಿರುಚಿದಳು.

"ತೊರಕ್ಕಾದೇಮ್ಮಾ! ಕೊಂಬು ಇರುಕ್ಕು!"

ತೆಗೆಯಬೇಡಮ್ಮಾ. ತಂಗಿಯ ಕೈ ಚಿಲಕದ ಮೇಲೆಯೇ ನಿಂತಿತು. ಹೊರಗಿನಿಂದ ಮತ್ತೆ ಬಂದ ದನಿಯಲ್ಲಿ ಬೆಣ್ಣೆ ಇರಲಿಲ್ಲ.

"ಯಾರೇ ಅದಕ್ಕೆ ಹೇಳ್ಕೊಟ್ಟಿದ್ದು? ತೆಗೀತೀಯೋ ಇಲ್ವೋ?"

ಒದೆಯತೊಡಗಿದ. ಅಪ್ಪನ ಕಾಲದ ಬಾಗಿಲು, ಅಪ್ಪನ ಕಾಲದ ಚಿಲಕ. ಮೊಳೆಗಳು ಕಿತ್ತು ಬಂದವು, ಬಾಗಿಲಿನ ಅಂಚು ತಂಗಿಯ ಮುಖಕ್ಕೆ ಬಡಿಯಿತು. ಒಳಗೆ ನುಗ್ಗಿದವನೇ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಗುದ್ದಿದ. ಒಂದು ಸಲ, ಮತ್ತೊಂದು ಸಲ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಾಲರಿನಲ್ಲಿ ಒಂದು ಸುಕ್ಕಿಲ್ಲ. ಮೈಸೂರ್ ಪಾಕಿನ ಡಬ್ಬಿ ಕಾಲ ಕೆಳಗೆ ಪುಡಿಯಾಯಿತು. ಬಿಡು ಎಂದು ಕೂಗಿ ಅವನ ಕೈ ಹಿಡಿಯಹೋದೆ. ಮೊಣಕೈಯಿಂದ ನನ್ನ ಎದೆಗೆ ತಿವಿದ, ಉಸಿರು ಕಟ್ಟಿ ಹೋಗಿ ಪುಸ್ತಕದ ಮೇಲೆಯೇ ಬಿದ್ದೆ. ಆಗ ಅದನ್ನು ಎತ್ತಿಕೊಂಡೆ.

ಚರ್ಮದ ಮೂಲೆ ಅವನ ಹುಬ್ಬಿನ ಮೇಲೆ ಸರಿಯಾಗಿ ಕೂತಿತು. ಹಣೆ ಬಾಯಿಬಿಟ್ಟಿತು. ರಕ್ತ ಕಣ್ಣಿಗೆ, ಮೂಗಿಗೆ, ಬಿಳಿ ಕಾಲರಿಗೆ ಇಳಿಯಿತು. ಇಲ್ಲಿ ಕೆಂಪು ಗೆರೆ ತಪ್ಪಲಿಲ್ಲ. ಇನ್ನೊಂದು ಏಟು ಹಾಕಿದೆ, ಅದು ಬೇಕಿರಲಿಲ್ಲ, ಆದರೂ ಹಾಕಿದೆ. ಅಪ್ಪನ ಬೈಂಡಿಂಗು ಬಿಟ್ಟುಕೊಂಡು ಪುಟಗಳೆಲ್ಲ ಕೋಣೆಯ ತುಂಬ ಹಾರಿದವು. ಗಲಾಟೆ ಕೇಳಿ ಕೆಳಮನೆಯ ಮಾಮಿ ಮೇಲೆ ಬಂದರು. ತರಕಾರಿ ಹೆಚ್ಚುತ್ತಿದ್ದವರು ಈಳಿಗೆಮಣೆಯನ್ನು ಹಿಡಿದುಕೊಂಡೇ ಬಂದಿದ್ದರು. ಅದನ್ನು ನೋಡಿ ಅವನು ಹಿಂದೆ ಹಿಂದೆ ಹೆಜ್ಜೆಯಿಟ್ಟ. ನಿಮ್ಮಿಬ್ಬರನ್ನೂ ಒಳಗೆ ಹಾಕಿಸುತ್ತೇನೆ ಎಂದು ಮೆಟ್ಟಿಲುದ್ದಕ್ಕೂ ಕೂಗುತ್ತ ಇಳಿದುಹೋದ.

ತಂಗಿಯ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಹಾಗೇ ಕೂತು ಪುಟಗಳನ್ನು ಆರಿಸುತ್ತ ಹೇಳಿದಳು: "ಪೊಲೀಸು ಗಿಲೀಸು ಬೇಡಕ್ಕಾ. ನೋಡು, ಇಷ್ಟೆಲ್ಲ ಆದ್ರೂ ಮಗು ಹತ್ರ ಹೋದ್ರಾ? ಅವಳನ್ನ ಮಾತ್ರ ಮುಟ್ಟಲ್ಲ."

ಅವಳ ರಟ್ಟೆ ಹಿಡಿದು ಕೆಳಗಿಳಿಸಿ ಆಟೋ ಹತ್ತಿಸಿದೆ. ಮಗು ಒಂದು ಪುಟವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

ಮಹಿಳಾ ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅಮ್ಮ ತಂಗಿಯ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು. "ಎಂಗೆಮ್ಮಾ ಅಡಿಚ್ಚಾನ್? ಕಾಟ್ಟುಮ್ಮಾ, ಫೋಟೋ ಎಡುಕ್ಕಣುಂ," ಎಂದರು. ಎಲ್ಲೆಲ್ಲಿ ಹೊಡೆದಿದ್ದಾನೆ ತೋರಿಸು, ಫೋಟೋ ತೆಗೆಯಬೇಕು ಎಂದು. ಕಾನ್‌ಸ್ಟೇಬಲ್ ಹುಡುಗಿ ಫೋನು ಹಿಡಿದು ಕಾದಳು. ತಂಗಿ ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ಒಣ್ಣುಮಿಲ್ಲೆ ಮೇಡಂ," ಎಂದಳು. ಏನೂ ಇಲ್ಲ. "ಬಾಗಿಲು ತಗುಲಿತು, ಅಷ್ಟೆ."

ನನಗೆ ಅವಳನ್ನೇ ಹೊಡೆಯಬೇಕೆನಿಸಿತು. ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಮಗು ನನ್ನ ಪಕ್ಕದಿಂದ ಎದ್ದು ಮೇಜಿನ ಬಳಿ ಹೋದಳು. ಮುಷ್ಟಿಯಲ್ಲಿದ್ದ ಪುಟವನ್ನು ಬಿಡಿಸಿ ಮೇಜಿನ ಮೇಲಿಟ್ಟಳು, ನೆರಳಿಗೆ ಕೊಂಬಿದ್ದ ಬಳೆಗಾರನ ಪುಟ. ಆಮೇಲೆ ಟೀ ಷರ್ಟಿನ ಎಡತೋಳನ್ನು ಭುಜದವರೆಗೂ ಏರಿಸಿದಳು.

ಭುಜದ ಕೆಳಗೆ ಒಂದು ಸಣ್ಣ ತ್ರಿಕೋನವಿತ್ತು. ಇಸ್ತ್ರಿ ಪೆಟ್ಟಿಗೆಯ ಮೂತಿ. ಹಳೆಯ ಗಾಯ, ಅಂಚೆಲ್ಲ ಬೆಳ್ಳಗೆ ಒಣಗಿತ್ತು.

"ಎನಕ್ಕುಂ," ಎಂದಳು. ನನಗೂ.

ತಂಗಿ ಆ ತೋಳನ್ನು ನೋಡಿದಳು. ಮುಟ್ಟಲು ಕೈ ಚಾಚಿ, ನೋಯುತ್ತದೇನೋ ಎಂಬಂತೆ ಹಿಂದಕ್ಕೆ ತೆಗೆದುಕೊಂಡಳು. ಅವಳ ಗಂಟಲಿನಿಂದ ಒಂದು ಸದ್ದು ಬಂತು, ಅಂಥ ಸದ್ದನ್ನು ನಾನು ಯಾವ ಮನುಷ್ಯರ ಬಾಯಲ್ಲೂ ಕೇಳಿರಲಿಲ್ಲ. ಆಮೇಲೆ ತನ್ನ ರವಿಕೆಯ ತೋಳನ್ನು ಹಲ್ಲು ಕಚ್ಚಿ ಮೇಲಕ್ಕೆಳೆದಳು. ಬಿಗಿ ತೋಳು, ಏರಲಿಲ್ಲ. ಹೊಲಿಗೆಯ ಉದ್ದಕ್ಕೂ ಪರ್ರನೆ ಹರಿದಳು.

"ಮೊದ್ಲು ಅವಳದ್ದು ತೆಗೀರಿ," ಎಂದಳು ಕನ್ನಡದಲ್ಲೇ. ಇನ್ಸ್‌ಪೆಕ್ಟರ್ ಅಮ್ಮನಿಗೆ ಅರ್ಥವಾಯಿತು. "ಆಮೇಲೆ ನಂದು. ಎಲ್ಲಾ ಕಾಣೋ ಹಾಗೆ ತೆಗೀರಿ."