ನೆಂಟರಿಲ್ಲದ ಊರಿಗೆ

ದಸರೆ ರಜೆಯಲ್ಲಿ ಒಂದು ಬೆಳಿಗ್ಗೆ ಧಾರವಾಡ ಬಿಟ್ಟು, ಹುಬ್ಬಳ್ಳಿಯಲ್ಲಿ ಗದಗಿನ ಗಾಡಿ ಹತ್ತಿದೆವು. ನಾನು, ನನ್ನ ಜೊತೆಗೆ ನಾನು ಕಲಿಸುವ ಶಾಲೆಯ ಡ್ರಾಯಿಂಗ್ ಟೀಚರ್ ಶಕುಂತಲಾ. ಕೈಯಲ್ಲಿ ಒಂದೊಂದು ಚೀಲ, ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಉಡಲು ಇನ್ನೊಂದು ಸೀರೆ. ನಾವು ಇಳಿಯಬೇಕಾದ ಅಣ್ಣಿಗೇರಿ ಅಲ್ಲಿಂದ ಏಳೆಂಟು ಹರದಾರಿ. ಇಬ್ಬರ ಟಿಕೇಟಿಗೆ ಮೂರು ರೂಪಾಯಿ ಕೊಟ್ಟರೆ ಚಹಾ ಕುಡಿಯುವಷ್ಟು ಚಿಲ್ಲರೆ ಮರಳಿ ಬಂತು.

ಊರುಗಳನ್ನು ಆರಿಸಿದವಳು ನಾನು. ನಮ್ಮ ಜಿಲ್ಲೆಯಲ್ಲಿ ಕಾಲಿಟ್ಟಲ್ಲೆಲ್ಲ ಹಳೆಯ ಗುಡಿ, ವೀರಗಲ್ಲು, ಮುರಿದ ಕೋಟೆ. ಕೈಯಲ್ಲಿದ್ದದ್ದು ಮೂರು ದಿನ. ನವಲಗುಂದಕ್ಕೆ ಹೋಗೂಣು ಎಂದಳು ಶಕುಂತಲಾ. ಬೇಡ, ಅಲ್ಲಿ ನಮ್ಮತ್ತೆಯ ತಂಗಿ ಇದ್ದಾರೆ ಎಂದೆ. ಹಾಗಾದರೆ ಕಲಘಟಗಿ ಕಡೆ ತಂಬೂರಿನ ಬಸವಣ್ಣ? ಅದೂ ಬೇಡ, ದಾರಿಯಲ್ಲಿ ದುಮ್ಮವಾಡ ಬರುತ್ತದೆ, ಅಲ್ಲಿ ನಾದಿನಿಯ ಬೀಗರು. "ನೀವು ಗುಡಿ ಆರಿಸಾಕ ಹತ್ತೀರೋ, ನೆಂಟರನ್ನ ತಪ್ಪಿಸಾಕ ಹತ್ತೀರೋ?" ಎಂದು ಆಕೆ ನಕ್ಕಳು. ಎರಡೂ ಎಂದೆ.

ಕಾರಣ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನನಗೆ ಅದು ನಿಂತಿತು. ನಿಂತದ್ದಕ್ಕಿಂತ ಹೆಚ್ಚು ನೋಯಿಸಿದ್ದು ಹೊರಡುವ ಗಳಿಗೆ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಒಬ್ಬಾಕೆ ಒಳಗೆ ಏನೋ ಹುಡುಕಲು ಹೋಗುತ್ತಾಳೆ, ಇನ್ನೊಬ್ಬಾಕೆ ಬಸ್ಸಿನ ವೇಳೆ ಕೇಳುತ್ತಾಳೆ. ಅವರಿಗೂ ಸಂಕಟ, ನನಗೂ ಸಂಕಟ. ಅದಕ್ಕೇ ಗುರುತಿನವರಿಲ್ಲದ ಊರು, ಕಲ್ಲಿನ ದೇವರಷ್ಟೇ ಇರುವ ಊರು ಬೇಕೆಂದು ಹಟ ಹಿಡಿದಿದ್ದೆ.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಅರ್ಧ ತಾಸು ಕಂಬದಿಂದ ಕಂಬಕ್ಕೆ ತಿರುಗಿದೆ. ಕರಿಗಲ್ಲಿನ ಕಂಬಗಳು ಬುಗುರಿಯ ಹಾಗೆ ತಿರುವಿ ತಿರುವಿ ನುಣುಪಾಗಿವೆ. ಬಗ್ಗಿ ನೋಡಿದರೆ ಮುಖ ಮಸುಕಾಗಿ ಕಾಣುತ್ತದೆ. ಹೊರಗಿನ ಬಿಸಿಲು ಒಳಗೆ ಬರುವಷ್ಟರಲ್ಲಿ ತಂಪಾಗಿಬಿಡುತ್ತದೆ. ಶಕುಂತಲಾ ಒಂದು ಕಂಬದ ಚಿತ್ರ ಬರೆಯಲು ಕೂತು, ಮೂರು ಸಲ ಅಳಿಸಿ, ಕಡೆಗೆ ಸುಮ್ಮನೆ ಅದಕ್ಕೆ ಒರಗಿ ಕೂತಳು.

ಗುಡಿಯ ಬಾಜೂಕಿನ ಮನೆಯಾಕೆ ಬಾಗಿಲಲ್ಲಿ ನಿಂತಿದ್ದವರು ಕೂಗಿಯೇ ಕರೆದರು. "ಬಿಸಲಾಗ ಯಾಕ ನಿಂತೀರಿ? ಬರ್ರಿ ಒಳಗ, ಚಹಾ ಕುಡದ ಹೋಗ್ರಿ." ಚಹಾ ಆಯಿತು, ಊರು ಕೇರಿ ವಿಚಾರಿಸಿದ್ದಾಯಿತು. ಏಳುವಾಗ ಆಕೆ ಕುಂಕುಮದ ಬಟ್ಟಲು ತಂದು ಶಕುಂತಲಾಳ ಹಣೆಗೆ ಹಚ್ಚಿ ನನ್ನ ಕಡೆ ತಿರುಗಿದರು. ಬರಿಹಣೆ ಕಂಡಿತು, ಕೈ ನಿಂತಿತು. "ಬಿಸಲು ಭಾಳ ಐತ್ರಿ" ಎಂದರು ಆಕೆ. ಹೌದ್ರಿ ಎಂದೆ. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಜೆಯ ಗಾಡಿಗೆ ಹುಬ್ಬಳ್ಳಿಗೆ ಮರಳಿದೆವು.

ಆ ರಾತ್ರಿ ಹುಬ್ಬಳ್ಳಿಯ ಛತ್ರದಲ್ಲಿ ಕಳೆದು, ಮರುದಿನ ಬಸ್ಸಿನಲ್ಲಿ ಕುಂದಗೋಳಕ್ಕೆ ಹೋದೆವು. ಶಂಭುಲಿಂಗನ ಗುಡಿ ಊರಿನ ನಡುವೆ, ಸಂಸಾರಸ್ಥರ ಮನೆಗಳ ಹಾಗೆ ಸದ್ದುಗದ್ದಲದೊಳಗೇ ಇದೆ. ಗೋಡೆಯ ಮೇಲಿನ ಸಿಂಹಮುಖಗಳು ಒಂದಕ್ಕಿಂತ ಒಂದು ಉಗ್ರ. ಅವುಗಳ ಕೆಳಗೇ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ನನಗೆ ಅದು ತುಂಬ ಸೇರಿತು. ನೂರಾರು ವರ್ಷಗಳ ಹಿಂದೆ ಆಳಿಹೋದವರ ಗುಡಿ ಇನ್ನೂ ಊರಿನ ಕೆಲಸಕ್ಕೆ ಬರುತ್ತಿದೆಯಲ್ಲ ಎಂದು ಖುಷಿಯಾಯಿತು.

ಯರಗುಪ್ಪಿಯ ಹೊಲದಂಚಿನಲ್ಲಿ ಒಂದು ಪಾಳುಗುಡಿ ಇದೆಯೆಂದು ಕುಂದಗೋಳದ ಚಹಾದಂಗಡಿಯಲ್ಲಿ ಹೇಳಿದರು. ಅಲ್ಲಿ ನನಗೆ ನೆಂಟರಿರಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿದೆವು. ಗುಡಿಗೆ ಶಿಖರವಿಲ್ಲ, ಬಾಗಿಲುವಾಡದ ಮೇಲೆ ಮಾತ್ರ ಬಳ್ಳಿಯ ಕೆತ್ತನೆ, ಎಲೆಯ ನರ ನರವೂ ಎದ್ದು ಕಾಣುವ ಹಾಗೆ. ನೋಡುತ್ತ ನಿಂತವರಿಗೆ ಮೋಡ ಕವಿದದ್ದು ಗೊತ್ತಾಗಲಿಲ್ಲ. ಚಿತ್ತಿ ಮಳೆ ಒಮ್ಮೆಲೇ ಸುರಿಯಿತು. ಎರೆಮಣ್ಣು ತೊಯ್ದರೆ ಏನಾಗುತ್ತದೆಂದು ಎರೆ ಸೀಮೆಯವರಿಗೆ ಹೇಳಬೇಕಾಗಿಲ್ಲ. ನನ್ನ ಚಪ್ಪಲಿ ಒಂದನ್ನು ಯರಗುಪ್ಪಿಯ ಹೊಲ ಇಟ್ಟುಕೊಂಡಿತು. ಊರು ಮುಟ್ಟುವಷ್ಟರಲ್ಲಿ, ಸಂಜೆಯ ಬಸ್ಸು ಬರುವುದಿಲ್ಲವೆಂದು ತಿಳಿಯಿತು.

ಮೊದಲನೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಸರು ನೀಲವ್ವ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಗೆ ಬಳೆಯಿಲ್ಲ.

"ಯಾರ ಪೈಕೀರಿ?"

"ಯಾರ ಪೈಕೀನೂ ಅಲ್ರಿ. ಗುಡಿ ನೋಡಾಕ ಧಾರವಾಡದಿಂದ ಬಂದೇವಿ."

"ಆ ಮುರಕ ಗುಡಿ ನೋಡಾಕ ಧಾರವಾಡದಿಂದ? ಅಗದಿ ಛಲೋ ಆತು, ಬರ್ರಿ, ಕಾಲ ತೊಳಕೋರಿ."

ಸೊಸೆ ಚೆನ್ನವ್ವ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಬಡಿಸಿದಳು. ಅಂಥ ಊಟ ನಾನು ಮದುವೆಮನೆಗಳಲ್ಲೂ ಉಂಡಿಲ್ಲ. ಆದರೆ ಉಣ್ಣುತ್ತಿದ್ದಂತೆಯೇ ನಾಳೆಯ ಚಿಂತೆ ಹತ್ತಿತು. ಇಷ್ಟು ಪ್ರೀತಿಯ ಮನೆಯಲ್ಲಿ ಆ ಗಳಿಗೆ ಬಂದರೆ ತಡೆದುಕೊಳ್ಳುವುದು ನನ್ನಿಂದಾಗದು ಎನಿಸಿತು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಚೆನ್ನವ್ವ ಮೊರದಲ್ಲಿ ಅಕ್ಕಿ ತರುವುದು ಕಂಡದ್ದೇ, "ನೀ ಉಡಿ ತುಂಬಿಸ್ಕೊಂಡು ಬಾ, ನಾ ಬಸ್ ಸ್ಟ್ಯಾಂಡಿನಾಗ ಇರತೀನಿ" ಎಂದು ಶಕುಂತಲಾಳಿಗೆ ಹೇಳಿ, ಬರಿಗಾಲಿನಲ್ಲೇ ಹೊಸ್ತಿಲು ದಾಟಿದೆ.

"ಏ, ಎಲ್ಲಿಗೆ ಹೊಂಟಿ? ನಿಂದರ" ಎಂದಳು ನೀಲವ್ವ. ರೀ ಗೀ ಎಲ್ಲ ಹೋಗಿತ್ತು.

"ಅವ್ವಾರ, ನಮ್ಮ ಯಜಮಾನರು ಇಲ್ರಿ" ಎಂದೆ. ಚೆನ್ನವ್ವ ಮೊರ ಹಿಡಿದುಕೊಂಡೇ ನೆಲ ನೋಡಿದಳು. ಅದೇ ಗಳಿಗೆ, ನಾನು ಊರೂರು ತಪ್ಪಿಸಿಕೊಂಡು ತಿರುಗಿದ ಗಳಿಗೆ.

"ನನಗ ಕಣ್ಣಿಲ್ಲೇನು? ಬಂದ ಕೂಡ್ಲೇ ಕಂಡೇತಿ" ಎಂದಳು ಮುದುಕಿ. ಮೊರವನ್ನು ಸೊಸೆಯ ಕೈಯಿಂದ ತಾನೇ ತೆಗೆದುಕೊಂಡಳು. "ನಾನೂ ಮುತ್ತೈದಿ ಅಲ್ಲ, ನೀನೂ ಅಲ್ಲ. ಇಬ್ಬರೂ ಕೂಡಿ ತಪ್ಪ ಮಾಡೂಣು ಬಾ. ಸೆರಗ ಒಡ್ಡು."

ಒಡ್ಡಿದೆ. ಹಣೆಗೆ ಮೂರು ಬೆರಳಿನ ವಿಭೂತಿ ಎಳೆದಳು. ಬೊಗಸೆ ತುಂಬಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಹಸಿರು ಖಣ. ರೂಢಿಯಂತೆ ನಾಲ್ಕು ಕಾಳು ಮೊರಕ್ಕೆ ಮರಳಿ ಹಾಕುವುದನ್ನು ನಾನು ಮರೆತಿದ್ದೆ. ಆಕೆಯೇ ನೆನಪು ಮಾಡಿದಳು. ನನಗೆ ಅಳು ಬಂತು. ಅತ್ತುಬಿಟ್ಟೆ. "ಅಳಬ್ಯಾಡ, ಅಕ್ಕಿ ತೊಯ್ತಾವು" ಎಂದಳು. ಆಮೇಲೆ ಶಕುಂತಲಾಳ ಉಡಿ ಚೆನ್ನವ್ವ ತುಂಬಿದಳು. ಹೊರಡುವಾಗ ಸೊಸೆಯ ಹಳೆಯ ಚಪ್ಪಲಿಯನ್ನೂ ಕಾಲಿಗೆ ಹಾಕಿಸಿ ಕಳಿಸಿದರು.

ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಒದ್ದೆ ಎರೆಹೊಲದಾಚೆ ಶಿಖರವಿಲ್ಲದ ಆ ಗುಡಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅದರ ಬಾಗಿಲ ಬಳ್ಳಿಯನ್ನು ಇನ್ನೊಮ್ಮೆ ನೋಡಲಿಲ್ಲವಲ್ಲ ಎಂದು ಶಕುಂತಲಾ ಕೊರಗಿದಳು. ಅಕ್ಕಿಯನ್ನು ಚೀಲಕ್ಕೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಸೆರಗಿನಲ್ಲೇ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಕುಂದಗೋಳದಲ್ಲಿ ಹತ್ತಿದ ಒಬ್ಬ ಹೆಂಗಸು ನನ್ನ ಬಾಜೂಕ ಕೂತಳು. ಮಡಿಲಿನ ಗಂಟು ನೋಡಿ, "ತವರಮನಿಂದ ಬಂದ್ರೇನ್ರಿ?" ಎಂದು ಕೇಳಿದಳು.

"ಹೌದ್ರಿ," ಎಂದೆ. "ಯರಗುಪ್ಪಿ."